‘ಏನೂ ಇಲ್ಲ’ ಎಂದು ಬರೆದ ಬುಧವಾರ

ಚಿತ್ತವಾಡ್ಗಿ, ಹೊಸಪೇಟೆ
9 ನವೆಂಬರ್ 2024

ಮನೋಹರನಿಗೆ,

ಇಲ್ಲಿ ನಾನೂ ನಿನ್ನ ಅವ್ವನೂ ಕ್ಷೇಮ. ನೀನು ಕ್ಷೇಮವಾಗಿರುವುದು ಊರಿಗೆಲ್ಲ ಗೊತ್ತಿದೆ, ನಾನು ಕೇಳುವುದಿಲ್ಲ. ಪತ್ರ ಹದಿನೈದು ದಿನ ತಡವಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣವೆಂದಿದ್ದೆ, ಅದು ಇಳಿಯಲಿಲ್ಲ. ಫೋನ್ ಮಾಡಿದರೆ "ಮೀಟಿಂಗ್‌ನ್ಯಾಗ ಅದೀನಪ್ಪ" ಎಂದು ಇಟ್ಟುಬಿಡುತ್ತೀ. ಕಾಗದವನ್ನಾದರೂ ಕೊನೆತನಕ ಓದು.

ಊರಿನ ಸುದ್ದಿ ಮೊದಲು. ನೀನು ಕೆಟ್ಟ ವಿಮಾನವನ್ನು ಇಳಿಸಿ ಬದುಕಿಕೊಂಡ ಸುದ್ದಿ ಬಂದ ಮರುದಿನವೇ ನಿನ್ನ ಸೋದರಮಾವ ಹಂಪೇಶ ನಮ್ಮೂರ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ನಿಲ್ಲಿಸಿದ. "ಸಾವನ್ನೇ ಗೆದ್ದ ನಮ್ಮ ಅಳಿಯ" ಎಂದು ಬರೆಸಿ, ನಿನ್ನ ಮುಖದ ಪಕ್ಕ ವಾಯುಸೇನೆಯ ವಿಮಾನದ ಬದಲು ಪ್ರಯಾಣಿಕರ ವಿಮಾನದ ಚಿತ್ರ ಹಾಕಿಸಿದ್ದಾನೆ, ಕಿಟಕಿಗಳ ಸಾಲು ಸಮೇತ. ನಿನ್ನ ಅವ್ವ ಮಂಡಿನೋವು ಮರೆತು ಜಂಬುನಾಥನ ಗುಡ್ಡ ಹತ್ತಿಬಂದಳು. ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಬಂದವರೆಲ್ಲ ಕೈಕುಲುಕಿದರು. ನಾನೂ ಕೈ ಕೊಟ್ಟೆ.

ಇಳಿಸಿದ್ದು ಚೆನ್ನಾಗಿಯೇ ಇಳಿಸಿದ್ದೀ. ಎಡಗಡೆಯ ಚಕ್ರ ಹೊರಗೆ ಬಾರದಿದ್ದಾಗ ಇಂಧನ ತೀರುತ್ತ ಬರುವವರೆಗೆ ಸುತ್ತು ಹಾಕಿ, ಉಳಿದೆರಡು ಚಕ್ರಗಳನ್ನೂ ಒಳಗೆಳೆದುಕೊಂಡು, ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಲು ಗುಂಡಿಗೆ ಬೇಕು. ವಾಯುಸೇನೆಯಲ್ಲಿ ಹದಿನೆಂಟು ವರ್ಷ ಮೆಕ್ಯಾನಿಕ್ ಆಗಿದ್ದ ನಾನು ಇಷ್ಟನ್ನೂ ಒಪ್ಪದಿದ್ದರೆ ಹೊಟ್ಟೆಕಿಚ್ಚಾದೀತು. ಆದರೆ ಆ ಚಕ್ರ ಯಾಕೆ ಬರಲಿಲ್ಲ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು.

ಹಿಂದಿನ ದಿನ, ಬುಧವಾರ ಸಂಜೆ, ನೀನೇ ಫೋನ್ ಮಾಡಿ ನಗುತ್ತ ಹೇಳಿದೆ: "ಇವತ್ತು ಭಾಳ ಸ್ಪೀಡಿನ್ಯಾಗ ಇದ್ದಾಗ ಚಕ್ರ ಹೊರಗ ಬಿಟ್ಟೆಪ್ಪ. ಕೆಳಗ ದಡ್ ಅಂತು."

"ಪುಸ್ತಕದಾಗ ಬರದ್ಯಾ?" ಎಂದೆ.

"ಬರದ್ರ ನಾಕ್ ದಿನ ವಿಮಾನ ನಿಲ್ಲಿಸ್ತಾರ. ನಾಳೆ ಅದರಾಗ ನಂದು ಫ್ಲೈಯಿಂಗ್ ಟೆಸ್ಟ್ ಐತಿ. ಇಳದ ಮ್ಯಾಲ ನೋಡೀನಿ, ಏನೂ ಆಗಿಲ್ಲ."

ಹಾರಿ ಬಂದ ಪೈಲಟ್ ವಿಮಾನದ ಪುಸ್ತಕದಲ್ಲಿ ಏನಾಯಿತೆಂದು ಬರೆದು ಸಹಿ ಹಾಕಬೇಕು. ಅವನು ಬರೆದರೆ ಮೆಕ್ಯಾನಿಕ್ ಆ ಭಾಗವನ್ನು ಬಿಚ್ಚಿ ನೋಡುತ್ತಾನೆ. ‘ಏನೂ ಇಲ್ಲ’ ಎಂದರೆ ಮೇಲಿಂದ ಮೇಲೆ ನೋಡಿ ತಾನೂ ಸಹಿ ಹಾಕುತ್ತಾನೆ. ನೀನು ‘ಏನೂ ಇಲ್ಲ’ ಎಂದು ಬರೆದೆ. ಆ ವೇಗದ ಗಾಳಿಯ ಹೊಡೆತಕ್ಕೆ ಚಕ್ರದ ಗೂಡಿನ ಬಾಗಿಲು ಒಳಗಡೆ ಬಾಗಿತ್ತು, ಮರುದಿನ ಅದೇ ಚಕ್ರವನ್ನು ಹಿಡಿದುಕೊಂಡಿತು. ಗುರುವಾರ ಬೆಳಿಗ್ಗೆ ನಿನ್ನ ಸಹಿಯ ಕೆಳಗೆ ಸಹಿ ಹಾಕಿದ ಮೆಕ್ಯಾನಿಕ್ ಲಿಂಗರಾಜ್, ನಮ್ಮ ಕಡೆಯ ಕುರೆಕುಪ್ಪದವನು. ರಜೆಯಿಂದ ಮರಳುವಾಗ ನಿನಗೆಂದು ಶೇಂಗಾ ಚಟ್ನಿಪುಡಿ ತರುತ್ತಾನೆಂದು ನೀನೇ ಹೊಗಳಿದ್ದೆ.

ನಿನ್ನೆ ಅವನ ತಾಯಿ ಎರ್ರೆಮ್ಮ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದಳು. ಕುಂದ್ರು ಎಂದರೂ ಕೂರಲಿಲ್ಲ.

"ಚಕ್ರ ಸರಿ ನೋಡ್ಲಿಲ್ಲ ಅಂತ ನನ್ನ ಮಗನ ಮ್ಯಾಲ ಹಾಕ್ಯಾರ್ರಿ. ಹದಿನೆಂಟಕ್ಕ ವಿಚಾರಣಿ ಅಂತ. ನೌಕ್ರಿ ಹೋಗ್ತೈತಂತ. ಆದ್ರ ಅವ ಅಂಜಿಲ್ರಿ. ಸಾಹೇಬ್ರು ನಮ್ ಕಡೆಯವ್ರು, ನನ್ನ ಕೈ ಬಿಡಂಗಿಲ್ಲ ಅಂತಾನ" ಎಂದಳು. ನನ್ನ ಕಾಲು ಮುಟ್ಟಲು ಬಗ್ಗಿದಳು. ನಾಚಿಕೆಯಿಂದ ಕಾಲು ಹಿಂದಕ್ಕೆ ಎಳೆದುಕೊಂಡೆ. ಅವಳು ಬೇರೆಯೇ ಅರ್ಥ ಮಾಡಿಕೊಂಡು, "ತಪ್ಪಾತ್ರಿ, ಮುಟ್ಟಬಾರದಿತ್ತು" ಎಂದು ಬಾಗಿಲಾಚೆ ಹೋಗಿ ನಿಂತಳು. ನನ್ನ ಅರವತ್ತೈದು ವರ್ಷದಲ್ಲಿ ಅಂಥ ಅವಮಾನ ಆಗಿರಲಿಲ್ಲ, ಅದು ನಿನ್ನಿಂದ ಆಯಿತು.

ನೀನು ಹಂಪೇಶನಿಗೆ ಹೇಳಿದ್ದೂ ನನ್ನ ಕಿವಿಗೆ ಬಿದ್ದಿದೆ: "ಮೆಕ್ಯಾನಿಕ್ ಕಣ್ಣು ಮುಚ್ಚಿ ಸಹಿ ಮಾಡ್ಯಾನ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಾಯುವ ಹೊತ್ತಿನಲ್ಲಿ ವಿಮಾನ ಇಳಿಸಿದ ಧೈರ್ಯ ಒಂದು ಸಾಲು ಬರೆಯುವಾಗ ಎಲ್ಲಿ ಹೋಗಿತ್ತೋ ನನಗೆ ತಿಳಿಯದು.

ವಿಚಾರಣೆಗೆ ಮುಂಚೆ ನೀನೇ ಮೇಲಿನವರ ಮುಂದೆ ನಿಂತು ನಡೆದದ್ದನ್ನು ಹೇಳು. ಹೇಳಿದ್ದೀಯೆಂದು ಲಿಂಗರಾಜನ ಬಾಯಿಂದ ನನಗೆ ಫೋನ್ ಬರಬೇಕು, ನಿನ್ನ ಬಾಯಿಂದಲ್ಲ. ಇಲ್ಲದಿದ್ದರೆ ಹದಿನಾರಕ್ಕೆ ರೈಲು ಹತ್ತುತ್ತೇನೆ, ಎರ್ರೆಮ್ಮನನ್ನೂ ಕರೆದುಕೊಂಡು. ಬುಧವಾರದ ನಿನ್ನ ಮಾತನ್ನು ಒಂದಕ್ಷರ ಬಿಡದೆ ವಿಚಾರಣೆಯವರ ಮುಂದೆ ಒಪ್ಪಿಸುತ್ತೇನೆ. ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. "ಹೆತ್ತ ಮಗನ ಅನ್ನಕ್ಕ ಮಣ್ಣ್ ಹಾಕ್ತೀರೇನು?" ಎಂದದ್ದೇ ಕೊನೆಯ ಮಾತು. ಹಾಕುತ್ತೇನೆ ಎಂದಿದ್ದೇನೆ.

ಆಯುಷ್ಯ ನಿನಗೆ ಸಿಕ್ಕಾಯಿತು. ಬುದ್ಧಿ ಬರಲಿ ಎಂದಷ್ಟೇ ನನ್ನ ಆಶೀರ್ವಾದ.

ನಿನ್ನ ಅಪ್ಪ,
ಕೊಟ್ರಬಸಪ್ಪ

ಮತ್ತೊಂದು ಮಾತು. ಬೆನ್ನುನೋವಿನಿಂದ ನಾನು ನೌಕರಿ ಬಿಟ್ಟೆನೆಂದು ನಿಮಗೆಲ್ಲ ಹೇಳಿದ್ದು ಸುಳ್ಳು. ತೊಂಬತ್ತಾರರಲ್ಲಿ ಒಬ್ಬ ಪೈಲಟ್ ಬ್ರೇಕ್ ಸರಿಯಿಲ್ಲದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ವಿಮಾನ ರನ್‌ವೇ ದಾಟಿ ಹೋಗಿ ಮುರಿಯಿತು, ಕೆಳಗೆ ನನ್ನ ಸಹಿ ಇತ್ತು, ನನ್ನನ್ನು ತೆಗೆದುಹಾಕಿದರು. ನಾವು ಕ್ವಾರ್ಟರ್ಸ್ ಖಾಲಿ ಮಾಡುವ ವಾರ ಆ ಪೈಲಟ್ ಪೇಡೆಯ ಡಬ್ಬಿ ಹಿಡಿದು ಬಂದ. ತಾನು ಬರೆಯಬೇಕಿತ್ತು ಎಂದು ಮೆಲ್ಲಗೆ ಅಂದ. ನಿನಗಾಗ ಆರು ವರ್ಷ. ಅವನ ಟೋಪಿ ಹಾಕಿಕೊಂಡು ಅವನ ತೊಡೆಯ ಮೇಲೆ ಕೂತು, ನಾನೂ ಪೈಲಟ್ ಆಗ್ತೀನಿ ಎಂದೆ. ನಾನು ಅವನ ಎದುರಿಗೇ ನಕ್ಕು ನಿನಗೆ ಹೇಳಿದೆ: "ಆಗಪ್ಪ, ಈ ಸಾಹೇಬ್ರ ಹಂಗ ಆಗು."