ಕೌಂಟರಿನಲ್ಲಿ ಕೇಳಿದ್ದು

ಮಾರ್ಚ್ 3, ಸೋಮವಾರ

ಇವತ್ತೂ ಓಮ ಸಿಗಲಿಲ್ಲ. ಬಾಟಲಿಗಳ ಮುಚ್ಚಳ ತೆಗೆದು ಮೂಸುತ್ತಿದ್ದೆ, ಅಂಗಡಿಯವನು ಬಂದು ಪಕ್ಕದಲ್ಲೇ ನಿಂತ, ಕಳ್ಳಿಯನ್ನು ಕಾಯುವ ಹಾಗೆ. ಕೊನೆಗೆ ಅವನೇ ಏನೋ ಕಟ್ಟಿ ಕೊಟ್ಟ. ಅತ್ತೆ ಬಾಯಿಗೆ ಹಾಕಿಕೊಂಡು, ಇದು ಓಮವಲ್ಲ, ಓಮದ ವೇಷ ಹಾಕಿದ ಹುಲ್ಲು ಎಂದರು.

ಅತ್ತೆಗೆ ತಿಂಗಳಿಂದ ಹೊಟ್ಟೆ ಭಾರ. ಕೇಳಿದರೆ ಗ್ಯಾಸು ಅನ್ನುತ್ತಾರೆ. ಊರಿನಲ್ಲಿ ಬೀದಿಗೆಲ್ಲ ಕಷಾಯ ಕಾಸಿ ಕೊಟ್ಟವರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಗಾದೆ. ಈ ಪರದೇಶದಲ್ಲಿ ಹಿತ್ತಲೇ ಇಲ್ಲ, ನಾಲ್ಕನೇ ಮಹಡಿ. ಶುಂಠಿ ಮುಗಿಯಿತು, ಲವಂಗ ಮುಗಿಯಿತು. ಭಾನುವಾರ ಇವರಿಗೆ ರಜೆ, ಮೆಡಿಕಲ್ ಶಾಪಿಗೆ ಹೋಗಬೇಕು.

ಮಾರ್ಚ್ 9, ಭಾನುವಾರ

ಮೂವರೂ ಹೋದೆವು. ಊರಿನ ಮೆಡಿಕಲ್ ಶಾಪಿನವನು ಅರ್ಧ ಡಾಕ್ಟರು, ಹೊಟ್ಟೆ ಮುಟ್ಟಿ ತೋರಿಸಿದರೆ ಸಾಕು, ಸ್ಟ್ರಿಪ್ ಕತ್ತರಿಸಿ ಕೊಡುತ್ತಿದ್ದ. ಇಲ್ಲಿ ಗ್ಯಾಸಿನ ಮಾತ್ರೆಗೂ ವಿಚಾರಣೆ. ಬಿಳಿ ಕೋಟಿನಾಕೆ ಕೇಳುವುದು, ಇವರು ಕನ್ನಡದಲ್ಲಿ ಅತ್ತೆಯನ್ನು ಕೇಳುವುದು, ಅತ್ತೆ ಹೇಳಿದ್ದನ್ನು ಮತ್ತೆ ಆಕೆಗೆ ಹೇಳುವುದು. ಲಿಫ್ಟ್ ರಿಪೇರಿಗೆ ಕಟ್ಟಡ ಕಟ್ಟಡ ಅಲೆದು ಇವರಿಗೆ ಇಲ್ಲಿಯ ಭಾಷೆ ಬಂದಿದೆ. ನನಗೆ ಬರುವುದು ಹೋಟೆಲಿನ ಲಾಂಡ್ರಿಯಲ್ಲಿ ಬೇಕಾದಷ್ಟೇ. ಬಿಸಿ, ತಣ್ಣಗೆ, ಕಲೆ, ಹರಿದಿದೆ, ಮತ್ತೊಮ್ಮೆ ಒಗೆ.

ಒಂದು ಪ್ರಶ್ನೆಯನ್ನು ಮಾತ್ರ ಇವರು ಅತ್ತೆಗೆ ದಾಟಿಸಲಿಲ್ಲ. ಆಕೆ ತನ್ನ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಏನೋ ಕೇಳಿದಳು. ಇವರ ಕಿವಿ ಕೆಂಪಾಯಿತು. ಇಲ್ಲ, ಇಲ್ಲ ಎಂದು ತಾವೇ ತಲೆಯಾಡಿಸಿದರು. ಏನು ಕೇಳಿದ್ದು ಎಂದೆ. ಊಟದ ವಿಚಾರ ಎಂದರು.

ಮಾತ್ರೆ ಸಿಕ್ಕಿತು. ಅತ್ತೆ ದಾರಿಯುದ್ದಕ್ಕೂ ಗೆಲುವಾಗಿದ್ದರು.

ಏಪ್ರಿಲ್ 20, ಭಾನುವಾರ

ಮತ್ತೆ ಅದೇ ಮಾತ್ರೆ. ಈ ಸಲ ಇವರೊಬ್ಬರೇ ಹೋಗಿ ತಂದರು. ಅತ್ತೆಯ ರವಿಕೆಗಳೆಲ್ಲ ದೊಗಳೆ. ಹೊಲಿಗೆ ಹಾಕಿಕೊಡುತ್ತೇನೆ ಎಂದರೆ, ಬೇಸಿಗೆಗೆ ಸಡಿಲವೇ ಲೇಸು ಎಂದರು... ಬೇಸಿಗೆ ಎಲ್ಲಿದೆ ಇಲ್ಲಿ? ಸೀರೆ, ಲಂಗ ಎಲ್ಲ ತಾವೇ ಒಗೆದುಕೊಳ್ಳುತ್ತಾರೆ. ದಿನವಿಡೀ ಒಗೆದು ಬರ್ತೀಯ, ಮನೇಲೂ ಯಾಕೆ ಅಂತ. ನನಗೂ ಹಾಯೆನಿಸಿತ್ತು.

ಜೂನ್ 17, ಮಂಗಳವಾರ, ಮಧ್ಯಾಹ್ನ

ಡ್ಯೂಟಿ ಬೇಗ ಮುಗಿಯಿತು. ಅತ್ತೆ ನಿದ್ದೆಯಲ್ಲಿದ್ದರು. ಬಾತ್‌ರೂಮಿನ ಹಗ್ಗದಲ್ಲಿ ಟವೆಲು, ಅದರ ಕೆಳಗೆ ಬಚ್ಚಿಟ್ಟ ಹಾಗೆ ಲಂಗ. ಸರಿಯಾಗಿ ಹರವೋಣ ಎಂದು ತೆಗೆದೆ.

ಅಂಚಿನಲ್ಲಿ ಕಂದು ಬಳೆಯ ಹಾಗೆ ಒಂದು ಕಲೆ ಉಳಿದಿತ್ತು. ಆ ಕಲೆ ನನಗೆ ಗೊತ್ತು. ದಿನಾ ಹಾಸಿಗೆಯ ಬಟ್ಟೆಗಳಲ್ಲಿ ನೋಡುತ್ತೇನೆ. ತಣ್ಣೀರು, ಉಪ್ಪು, ಮತ್ತೆ ತಣ್ಣೀರು. ಆದರೂ ಹಳೆಯದಾದರೆ ಹೋಗುವುದಿಲ್ಲ.

ಅತ್ತೆಗೆ ಅದೆಲ್ಲ ನಿಂತು ಹದಿನೈದು ವರ್ಷವಾದರೂ ಆಗಿರಬೇಕು.

ಎಬ್ಬಿಸಿ ಕೇಳಿದೆ. ಗೋಡೆಯ ಕಡೆ ತಿರುಗಿಕೊಂಡರು. ಶಿವರಾತ್ರಿಗೆ ಮುಂಚಿನಿಂದ ಇದೆಯಂತೆ. ಮಗನ ಹತ್ತಿರ ಇದನ್ನೆಲ್ಲ ಹೇಳೋಕಾಗತ್ತೇನೇ ಎಂದರು. ನನಗಾದರೂ ಹೇಳಬಹುದಿತ್ತಲ್ಲ ಎಂದೆ.

"ನಿನಗೆ ಹೇಳಿದ್ರೂ ಡಾಕ್ಟ್ರಿಗೆ ಹೇಳೋನು ಅವನೇ ತಾನೆ?"

ತಬ್ಬಿಕೊಂಡೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇಲ್ಲ. ಭಯವಾಗುತ್ತಿದೆ.

ಜೂನ್ 18, ಬುಧವಾರ

ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ನಾನೇ ಹೋದೆ. ಡಾಕ್ಟರು ಎಲ್ಲಿ, ಏನು, ಒಂದೂ ಗೊತ್ತಿಲ್ಲ. ಗೊತ್ತಿದ್ದದ್ದು ಆ ಮೆಡಿಕಲ್ ಶಾಪು ಒಂದೇ. ನನ್ನ ಲಾಂಡ್ರಿ ಮಾತುಗಳನ್ನೇ ಜೋಡಿಸಿದೆ. ಅಮ್ಮ. ರಕ್ತದ ಕಲೆ. ಹಳೆಯದು. ದಿನಾ ಒಗೆಯುವುದು. ನಿಲ್ಲುವುದಿಲ್ಲ.

ಬಿಳಿ ಕೋಟಿನಾಕೆ ಕೌಂಟರಿನ ಈಚೆಗೆ ಬಂದಳು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಆಸ್ಪತ್ರೆಗೆ ಫೋನ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ ಒಂದೊಂದೇ ಮಾತು, ನಿಧಾನವಾಗಿ... ಅಷ್ಟು ನಿಧಾನವಾಗಿ ಹೇಳಿದ್ದರಿಂದಲೇ ಅರ್ಥವಾಯಿತು. ರಕ್ತ ಹೋಗುತ್ತದೆಯೇ ಎಂದು ಅವತ್ತೇ ಕೇಳಿದ್ದೆ. ಮಗ 'ಇಲ್ಲ' ಅಂದರು ಎಂದಳು.

ಸಂಜೆ ಇವರು ಶೂ ಬಿಚ್ಚುವ ಮೊದಲೇ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಅಂತ. ಶೂ ಬಿಚ್ಚದೆ ಬಾಗಿಲಲ್ಲೇ ಕುಸಿದು ಕೂತರು.

"ಅಮ್ಮನ ಹತ್ರ ಅದನ್ನ ಹೇಗೆ ಕೇಳೋದು? ಈ ವಯಸ್ಸಲ್ಲಿ ಅದೆಲ್ಲ ಇರಲ್ಲ ಅಂದ್ಕೊಂಡೆ."

ಬಾಯಿಗೆ ಬಂದಿದ್ದನ್ನೆಲ್ಲ ಅಂದೆ. ಅನ್ನಬಾರದ್ದನ್ನೂ ಅಂದೆ.

ಜುಲೈ 11, ಶುಕ್ರವಾರ

ರಿಪೋರ್ಟು. ಒಳಗೆ ಜೊತೆಗೆ ಸೊಸೆಯೊಬ್ಬಳೇ ಸಾಕು ಎಂದು ಅತ್ತೆ ಹಟ ಹಿಡಿದರು. ಆದರೆ ಡಾಕ್ಟರಮ್ಮ ಹೇಳುವುದಕ್ಕೆ ನನ್ನ ಭಾಷೆ ಎಲ್ಲಿ ಸಾಲುತ್ತದೆ. ಇವರನ್ನೇ ಕರೆದರು. ಡಾಕ್ಟರಮ್ಮ ಬಹಳ ಹೊತ್ತು ಹೇಳಿದರು. ಇವರು ಕಿಟಕಿಯ ಪರದೆ ನೋಡುತ್ತ ಒಂದೇ ಮಾತಿನಲ್ಲಿ ಮುಗಿಸಿದರು. ಗುಣ ಆಗತ್ತಂತೆ ಅಮ್ಮಾ, ಸ್ವಲ್ಪ ಟೈಮ್ ಬೇಕಂತೆ.

ಅಷ್ಟುದ್ದದ ಮಾತಿಗೆ ಇಷ್ಟೇ ಕನ್ನಡವೇ? ಅತ್ತೆ ಡಾಕ್ಟರಮ್ಮನಿಗೆ ಕೈಮುಗಿದು ಸೆರಗು ಸರಿಮಾಡಿಕೊಂಡರು.

ಹೊರಗೆ ಕಾಫಿ ಮೆಷಿನ್ನಿನ ಹತ್ತಿರ ಇವರು ನನಗೆ ಹೇಳಿದರು. ಗರ್ಭಕೋಶದಿಂದ ಎಲ್ಲ ಕಡೆ ಹರಡಿದೆ. ಆಪರೇಷನ್ನಿನಿಂದ ಪ್ರಯೋಜನವಿಲ್ಲ. ಮಾರ್ಚ್‌ನಲ್ಲೇ ಬಂದಿದ್ದರೆ ಗುಣವಾಗುತ್ತಿತ್ತೇ ಎಂದು ಇವರು ಕೇಳಿದರಂತೆ. ಹೇಳೋಕಾಗಲ್ಲ ಎಂದರಂತೆ ಡಾಕ್ಟರಮ್ಮ. ಇಲ್ಲ ಅಂದಿದ್ದರೆ ಒಂದು ನೆಮ್ಮದಿ. ಹೌದು ಅಂದಿದ್ದರೆ ಅತ್ತು ಮುಗಿಸಬಹುದಿತ್ತು. ಬೈದದ್ದೆಲ್ಲ ನೆನಪಾಗಿ, ಇವರ ಕೈ ಹಿಡಿದುಕೊಂಡು ನಿಂತೆ.

ಆಗಸ್ಟ್ 5, ಮಂಗಳವಾರ

ನೋವಿನ ಮಾತ್ರೆ, ನಿದ್ದೆಯ ಮಾತ್ರೆ, ಅಂಟಿಸುವ ಪಟ್ಟಿ. ಈಗ ಆ ಕೌಂಟರಿನಲ್ಲಿ ಒಂದು ಪ್ರಶ್ನೆಯೂ ಇಲ್ಲ, ಚೀಟಿ ನೋಡಿ ಎಲ್ಲ ಕೊಡುತ್ತಾರೆ. ಮೊನ್ನೆ ನಾನು ಚಿತ್ರ ತೋರಿಸಿ ಕೇಳಿದ್ದಕ್ಕೆ, ಇವತ್ತು ಬಿಳಿ ಕೋಟಿನಾಕೆ ಎಲ್ಲಿಂದಲೋ ಓಮ ತರಿಸಿ ಇಟ್ಟಿದ್ದಳು. ಅಸಲಿ ಓಮ. ಅತ್ತೆ ಮೂಸಿ ನೋಡಿ ಕಣ್ಣು ಮುಚ್ಚಿದರು. ನುಂಗಲು ಆಗಲಿಲ್ಲ.

ಇವರು ಅಮ್ಮನ ಕೋಣೆಗೆ ಹೋಗುವುದೇ ಇಲ್ಲ. ಹೊಸ್ತಿಲಲ್ಲಿ ನಿಂತು, ಏನಾದ್ರೂ ಬೇಕಾ ಅಂತಾರೆ. ಬೇಡ ಅಂದರೆ ಉಸಿರು ಬಿಟ್ಟು ಹೋಗುತ್ತಾರೆ.

ಆಗಸ್ಟ್ 24, ಭಾನುವಾರ, ಸಂಜೆ

ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವನು ಯಾಕೆ ನನ್ನ ಮುಖ ನೋಡಲ್ಲ ಎಂದು ಅತ್ತೆ ಕೇಳಿದರು. ಕೆಲಸ ಜಾಸ್ತಿ ಎಂದೆ. ಸುಳ್ಳು ಬೇಡ ಎಂದರು. ಆಮೇಲೆ ತಾವೇ ಹೇಳಿದರು—

"ಅವತ್ತು ಅಂಗಡೀಲಿ ಅವಳು ಕೇಳಿದ್ದು ನನಗೆ ಅರ್ಥ ಆಗಿತ್ತು ಕಣೇ. ಕೈ ಇಟ್ಟು ತೋರಿಸಿದ್ಳಲ್ಲ, ಹೆಂಗಸಿಗೆ ಅದಕ್ಕೆ ಭಾಷೆ ಬೇಕಾ? ಇವನು ಇಲ್ಲ ಅಂದ. ಬದುಕಿದೆಯಾ ಬಡಜೀವವೇ ಅಂದ್ಕೊಂಡೆ ನಾನು."

ಎಣ್ಣೆಯ ಬಟ್ಟಲು ಕೆಳಗಿಟ್ಟೆ.

"ಇದನ್ನ ಅವನಿಗೆ ಹೇಳು. ನನ್ನ ಬಾಯಲ್ಲಿ ಬರಲ್ಲ. ನಾನು ಇರೋವಾಗಲೇ ಹೇಳು, ಒಂದ್ಸಲ ಹತ್ರ ಬಂದು ಕೂರ್ಲಿ."

ಇಷ್ಟು ಹೇಳಿ ಸುಸ್ತಾಗಿ ಮಲಗಿದ್ದಾರೆ. ಉಸಿರು ಬಿಟ್ಟು ಬಿಟ್ಟು ಬರುತ್ತಿದೆ. ಇವರು ಮಾತ್ರೆ ತರಲು ಹೋಗಿದ್ದಾರೆ. ಬಂದ ತಕ್ಷಣ ಹೇಳಬೇಕು. ಹೇಗೆ ಶುರು ಮಾಡುವುದು? ಬರೆದು ನೋಡುತ್ತೇನೆ.

ರೀ, ಇಲ್ಲಿ ಬನ್ನಿ. ಅವತ್ತು ನೀವು ಇಲ್ಲ ಅಂದಿರಲ್ಲ, ಆಗ ಅಮ್ಮನಿಗೂ

ಒಳಗಿಂದ ಏನೋ ಸದ್ದು. ಅತ್ತೆ ಕರೆ