ಕಪ್ಪತಗುಡ್ಡದ ಆ ಚಿತ್ರ

ಲಕ್ಷ್ಮೇಶ್ವರ
೧೨ ನವೆಂಬರ್ ೧೯೫೬

ಚಿ. ಸೌ. ಸುಂದರಾ,

ನಿನಗೂ ಮಕ್ಕಳಿಗೂ ಅಕ್ಕನ ತುಂಬು ಆಶೀರ್ವಾದ. ನಿನ್ನ ಯಜಮಾನರು ಜಯತೀರ್ಥರಾಯರಿಗೆ ಸದ್ಯಕ್ಕೆ ಅರ್ಧ ಮಾತ್ರ. ಉಳಿದರ್ಧ ಅವರು ಕತ್ತರಿ ಕೆಳಗಿಟ್ಟ ಮೇಲೆ.

ಕನ್ನಡ ನಾಡು ಒಂದಾದ ಸಂಭ್ರಮಕ್ಕೆ ಗದಗಿನಲ್ಲಿ ಚಿತ್ರಗಳ ಪ್ರದರ್ಶನ ಇಡುತ್ತಾರೆ, ನಾನು ಹಿಂದೆ ನೀರುಬಣ್ಣದಲ್ಲಿ ತೆಗೆದ ಕಪ್ಪತಗುಡ್ಡದ ಕಾಡನ್ನು ಅಲ್ಲಿಗೆ ಕೊಡುತ್ತೇವೆ ಎಂದು ಬರೆದಿದ್ದೀ. ಸಂತೋಷ. ಆದರೆ ಚೌಕಟ್ಟು ಸಣ್ಣದಾಯಿತು, ಬಲಗಡೆ ಹೇಗೂ ಬಣ್ಣ ಕದಡಿದೆ, ಆ ಎರಡು ಬೆರಳಷ್ಟು ಕತ್ತರಿಸಿಬಿಡುತ್ತೇವೆ ಎಂದೂ ಬರೆದಿದ್ದೀ. ಬೇಡ, ಸುಂದರಾ. ಕತ್ತರಿಸಬೇಡಿ.

ಊರಿಗೆಲ್ಲ ನಾನು ಸೀರೆಯ ಅಂಚು ಬರೆಯುವ ಕಮಲಾಬಾಯಿ. ಬೆಟಗೇರಿಯ ಮಗ್ಗಗಳ ಮೇಲೆ ನನ್ನ ಬಳ್ಳಿ, ನನ್ನ ನವಿಲು. ಮೊನ್ನೆ ನೇಕಾರರ ಗದಿಗೆವ್ವ ಬಂದವಳು, 'ನೀವು ಬರದ ಅಂಚಿನ ಸೀರಿ ಉಟ್ಟ ಮದಿಮಕ್ಕಳು ಊರ ತುಂಬ ಅದಾರ್ರಿ. ನಿಮಗಂತ ಒಂದು ನೇಯ್ದು ಕೊಡ್ತೀನಿ ಅಂದ್ರ ಒಲ್ಲೆ ಅಂತೀರಿ' ಎಂದು ಮುನಿಸಿಕೊಂಡಳು. ಹುಚ್ಚಿ. ಗಂಡ ಸತ್ತವಳು ಉಡುವ ಕೆಂಪು ಸೀರೆ ಬಿಟ್ಟು ನಾನು ಇನ್ನೇನು ಉಡಲಿ? ಅವಳ ಮುಂದೆ ನಕ್ಕೆ. ಅವಳು ಹೋದ ಮೇಲೆ ಅತ್ತೆ.

ಆ ಚಿತ್ರ ತೆಗೆದಾಗ ನನಗೆ ಹದಿನೇಳು. ನಮ್ಮವರು ಆಗ ಮುಂಡರಗಿಯಲ್ಲಿ ಜಂಗಲ್ ಖಾತೆಯ ಕಾರಕೂನರು. ಧಾರವಾಡದಿಂದ ಬಣ್ಣದ ಪೆಟ್ಟಿಗೆ ತಂದುಕೊಟ್ಟು, 'ಅಡಿಗಿ ಸಾಕು, ನಡಿ, ಗುಡ್ಡ ತೋರಸ್ತೀನಿ' ಎಂದು ಚಕ್ಕಡಿ ಕಟ್ಟಿಸಿದರು. ನಾನು ಮರ ಬರೆಯುತ್ತ ಕುಳಿತರೆ ಅವರು ತಂಬಿಗೆಯಲ್ಲಿ ನೀರು ಹಿಡಿದು ನಿಂತರು. ಗಂಡಸು ಹೆಂಡತಿಗೆ ನೀರು ಹಿಡಿದದ್ದು ಕಂಡು ಚಕ್ಕಡಿಯ ಯಮನೂರಪ್ಪ ಮುಖ ತಿರುಗಿಸಿ ನಕ್ಕ. ಒಣಗಿದೆಯೋ ಇಲ್ಲವೋ ಎಂದು ಹೆಬ್ಬೆರಳು ಒತ್ತಿ ನೋಡಿದವರೂ ಅವರೇ. ನೀವು ಕದಡಿದ ಬಣ್ಣ ಎನ್ನುವುದು ಅದನ್ನೇ. ಬೆಳಕಿಗೆ ಹಿಡಿ, ಬೆರಳಿನ ಗೆರೆಗಳು ಕಾಣುತ್ತವೆ.

ಮರುವರ್ಷ ವಿಷಮಜ್ವರದಲ್ಲಿ ಹೋಗಿಬಿಟ್ಟರು. ಬಣ್ಣ ನನ್ನ ಕಣ್ಣಿಗೆ ಬೀಳಬಾರದೆಂದು ಅವ್ವ ಚಿತ್ರವನ್ನು ನಿನ್ನ ಪೆಟ್ಟಿಗೆಗೆ ಹಾಕಿದಳು. ನಾನು ಕೇಳಲಿಲ್ಲ, ಆಗ ಕೇಳುವ ಹಾಗೂ ಇರಲಿಲ್ಲ. ಅವರದೊಂದು ಫೋಟೋ ಸಹ ಇಲ್ಲವೆಂದು ನಿನಗೆ ಗೊತ್ತು. ಈಗೀಗ ಮುಖವೂ ಸರಿಯಾಗಿ ನೆನಪಿಗೆ ಬರುವುದಿಲ್ಲ, ಸುಂದರಾ. ಇದನ್ನು ಯಾರ ಮುಂದೆ ಹೇಳಲಿ?

ಪ್ರದರ್ಶನ ಮುಗಿಯಲಿ, ಆಮೇಲೆ ಚಿತ್ರ ನನಗೆ ಕಳಿಸು. ಯಾರು ಏನೆನ್ನುತ್ತಾರೋ ಅನ್ನಲಿ, ನಾನು ನೋಡಿಕೊಳ್ಳುತ್ತೇನೆ.

ನಿನ್ನ
ಕಮಲಕ್ಕ

ತಾ.ಕ.: ಈ ಕಾಗದ ಮುಟ್ಟುವುದರೊಳಗೆ ಕತ್ತರಿಸಿ ಆಗಿದ್ದರೆ ರಾಯರನ್ನು ಬಯ್ಯಬೇಡ. ಚಿತ್ರ ನಿಮ್ಮ ಗೋಡೆಗೇ ಇರಲಿ, ನನಗೆ ಬೇಡ. ಕಸ ಹೊಡೆಯುವ ಮುಂಚೆ ಆ ಚೂರು ಹುಡುಕಿ ಲಕೋಟೆಯಲ್ಲಿ ಹಾಕಿ ಕಳಿಸು.