ಹೆಪ್ಪಿಗೆ ಹಾಕಿದ ಹರಳು

ಗಂಗೂ,

ಇದನ್ನ ನಿಂಗೆ ಕಳಿಸಲ್ಲ, ಬರೀತೀನಿ ಅಷ್ಟೆ. ನೀನು ಮದುವೆಯಾಗಿ ಹರವೆಗೆ ಹೋದ್ಮೇಲೆ ನಮ್ಮಿಬ್ಬರ ಬಿಎಸ್ಸಿ ಪ್ರಾಜೆಕ್ಟು ನನ್ನೊಬ್ಬಳ ತಲೆಗೆ ಬಿತ್ತು. ಬೆಂಜೀನ್ ಉಂಗುರಗಳನ್ನ ಜೇನುಗೂಡಿನ ಹಾಗೆ ಜೋಡಿಸಿರೋ ಆ ಅಣು ಎಷ್ಟು ಸಲ ಮಾಡಿದ್ರೂ ಹರಳುಗಟ್ಟದೆ, ಬೆಲ್ಲದ ಪಾಕದಂಗೆ ಫ್ಲಾಸ್ಕಿಗೆ ಅಂಟ್ಕಂಡೇ ಇರ್ತಿತ್ತು. ಸಾಕಾಗೋಗಿತ್ತು ಕಣಮ್ಮಿ.

ಹೋದ ವರ್ಷ ನೀನು ಮಾಡಿ, ಸೀಸೆಲಿ ಬುಟ್ಟೋಗಿದ್ದ ಒಂದೇ ಒಂದು ಹಳದಿ ಹರಳಿತ್ತಲ್ಲ, ಅದನ್ನ ಇವತ್ತು ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕೋ ಹಾಗೆ ಆ ಪಾಕಕ್ಕೆ ಹಾಕ್ಬುಟ್ಟೆ. ಮಧ್ಯಾಹ್ನದೊಳಗೆ ಫ್ಲಾಸ್ಕ್ ತುಂಬ ಹರಳು.

ಸರ್ ಬಂದು ನೋಡಿ, "ಒಬ್ಳೇ ಮಾಡಿದ್ಯೇನಮ್ಮ?" ಅಂದ್ರು.

ಹೂಂ ಅಂದೆ.

ಅವರು ಹೋದ್ಮೇಲೆ, ನಿನ್ನ ಹರಳನ್ನ ಬೇರೆ ಎತ್ತಿಡನ ಅಂತ ಹುಡುಕ್ತಾ ಕೂತೆ. ಎಲ್ಲಾ ಒಂದೇ ಥರ ಅವೆ.